ಮ್ಯಾಂಕ್ಸ್ ಮಾದರಿಯ ಬಗ್ಗಿ ಕಿಟ್: ಗ್ಯಾರೇಜಿಗಿಂತ ಮೊದಲು ದೋಣಿ ಮೇಸ್ತ್ರಿಗೆ ತೋರಿಸಿ

ಬಗ್ಗಿ ಎಂದರೆ ಮರಳಿನ ಮೇಲೆ ಓಡಿಸುವ ತೆರೆದ ಪುಟ್ಟ ಕಾರು. ಅದರಲ್ಲಿ ಮೇಯರ್ಸ್ ಮ್ಯಾಂಕ್ಸ್ ಮಾದರಿಯ, ನಾವೇ ಜೋಡಿಸಿಕೊಳ್ಳುವ ಫೈಬರ್ ಕಿಟ್ ಕೊಳ್ಳುವವರು ಮೇಲಿನ ಬಣ್ಣಕ್ಕೆ ಮರುಳಾಗದೆ ಮಡ್‌ಗಾರ್ಡಿನ ಅಡಿಗೆ ಬಗ್ಗಿ ನೋಡಬೇಕು. ಒಳಮೈಯಲ್ಲಿ ಮ್ಯಾಟಿನ (ಗಾಜಿನ ನಾರಿನ ಹಾಸು) ಎಳೆ ಬೆಳ್ಳಗೆ ಒಣಗಿ ಕಂಡರೆ ಅದು ರೆಸಿನ್ (ನಾರನ್ನು ಹಿಡಿದಿಡುವ ರಾಳ) ಸರಿಯಾಗಿ ಕುಡಿದಿಲ್ಲ. ನಾಣ್ಯದಲ್ಲಿ ತಟ್ಟಿದಾಗ ಟಣ್ ಎನ್ನದೆ ಡಬ್ ಎಂದರೆ ಪದರಗಳ ನಡುವೆ ಗಾಳಿ ಕೂತಿದೆ. ಕಾಸರಗೋಡು ಕರಾವಳಿಯಲ್ಲಿ ಕುಂಬಳೆಯಿಂದ ಹೊಸದುರ್ಗದ ತನಕ ಫೈಬರ್ ದೋಣಿಗೆ ತೇಪೆ ಹಾಕುವ ಯಾವ ಮೇಸ್ತ್ರಿಯಾದರೂ ಇದನ್ನು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಾನೆ.

ಹೇಳದೆ ಏನು? ಈ ಗಾಡಿ ಹುಟ್ಟಿದ್ದೇ ದೋಣಿ ಕಟ್ಟುವವನ ಕೈಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಫೈಬರ್ ದೋಣಿಗಳ ಕೆಲಸ ಮಾಡುತ್ತಿದ್ದ ಬ್ರೂಸ್ ಮೇಯರ್ಸ್ 1964ರಲ್ಲಿ ಮಾಡಿದ ಮೊದಲ ಬಗ್ಗಿಗೆ ಚಾಸಿಯೇ ಇರಲಿಲ್ಲ. ಫೈಬರಿನ ಮೇಲ್ಕವಚವೇ ಭಾರ ಹೊರುತ್ತಿತ್ತು. ಆ ರೀತಿಯದು ದುಬಾರಿಯಾಗಿ ಹನ್ನೆರಡು ಗಾಡಿಗೇ ನಿಂತಿತು. ಆಮೇಲಿನ ಉಪಾಯವೇ ಇವತ್ತಿನ ಕಿಟ್‌ಗಳ ತಾಯಿಬೇರು: ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಚಾಸಿಯಿಂದ 14.25 ಇಂಚು ಕತ್ತರಿಸಿ ತೆಗೆದು ಬೆಸೆದು, ಮೇಲೆ ಕವಚ ಕೂರಿಸಿ ಬೋಲ್ಟ್ ಹಾಕುವುದು. ಎಂಜಿನ್ ಹಿಂದೆ, ಭಾರವೂ ಎಳೆಯುವ ಚಕ್ರಗಳ ಮೇಲೆ, ರೇಡಿಯೇಟರಿನ ರಗಳೆ ಇಲ್ಲ. ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ 1967ರ ಮೆಕ್ಸಿಕನ್ 1000 ಓಟವನ್ನು ಮ್ಯಾಂಕ್ಸ್ 27 ಗಂಟೆ 38 ನಿಮಿಷದಲ್ಲಿ ಗೆದ್ದಿತು. ನಕಲು ಮಾಡುವವರ ಮೇಲೆ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ಮಾತ್ರ ಮೇಯರ್ಸ್ ಸೋತರು. 1971ರಲ್ಲಿ ಅವರ ಕಂಪನಿ ಮುಚ್ಚಿತು. ಹಾಗಾಗಿ ಕೈಗೆ ಸಿಗುವ ಬಹಳಷ್ಟು ಕವಚಗಳು ಅಚ್ಚಿನಿಂದ ತೆಗೆದ ಅಚ್ಚು. ಅಂಚು ಮೊಂಡು, ಎಡಬಲ ಅಳತೆಯಲ್ಲಿ ವ್ಯತ್ಯಾಸ.

ಕಿಟ್ ಸೋಲುವುದು ಹೆಚ್ಚಾಗಿ ಕತ್ತರಿಸುವ ಹಂತದಲ್ಲೇ. ಪೆಟ್ರೋಲ್ ಪೈಪು ಚಾಸಿಯ ನಡುವೆ ಉದ್ದಕ್ಕೂ ಇರುವ ಟನಲ್ (ಟೊಳ್ಳು ಬೆನ್ನೆಲುಬು) ಒಳಗೇ ಹಾದುಹೋಗುತ್ತದೆ. ಟ್ಯಾಂಕ್ ಬಿಚ್ಚಿ, ಪೈಪಿಗೆ ಗಾಳಿ ಹೊಡೆದು ಖಾಲಿ ಮಾಡದೆ ಕಟ್ಟರ್ ಮುಟ್ಟಬೇಡಿ. ಬೆಸೆಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಸಮ ಬರದಿದ್ದರೆ ಗಾಡಿ ಜೀವನಪೂರ್ತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಗೇರ್ ರಾಡನ್ನೂ ಅಷ್ಟೇ ಉದ್ದ ಕತ್ತರಿಸಬೇಕು. ಬೆಸುಗೆಯಲ್ಲಿ ಅದು ಒಂದಿಷ್ಟು ತಿರುಚಿಕೊಂಡರೂ ಗೇರ್ ಸರಿಯಾಗಿ ಬೀಳುವುದಿಲ್ಲ.

ಕವಚ ಹಗುರವಾದ್ದರಿಂದ ಹಿಂಭಾಗ ಎತ್ತರಕ್ಕೆ ನಿಂತು, ಚಕ್ರಗಳು ಕೆಳಗಡೆ ಒಳಕ್ಕೆ ವಾಲುತ್ತವೆ. ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು) ಹಲ್ಲು ಬದಲಿಸಿ ಇಳಿಸಬೇಕು: ಒಳತುದಿಯ ಒಂದು ಹಲ್ಲಿಗೆ 9 ಡಿಗ್ರಿ, ಹೊರತುದಿಯದಕ್ಕೆ 8 ಡಿಗ್ರಿ 10 ನಿಮಿಷ (ಕೋನದ ಲೆಕ್ಕದಲ್ಲಿ 60 ನಿಮಿಷಕ್ಕೆ ಒಂದು ಡಿಗ್ರಿ). ಒಂದನ್ನು ಹಿಂದಕ್ಕೆ ಇನ್ನೊಂದನ್ನು ಮುಂದಕ್ಕೆ ಸರಿಸಿದರೆ 50 ನಿಮಿಷದಷ್ಟು ಸೂಕ್ಷ್ಮವಾಗಿ ಹೊಂದಿಸಬಹುದು.

ಲೈಟು ಮಂಕಾದರೆ ಡೈನಮೋವನ್ನು ಬೈಯಬೇಡಿ. ಫೈಬರಿನಲ್ಲಿ ಕರೆಂಟ್ ಹರಿಯದು, ಪ್ರತಿ ದೀಪಕ್ಕೂ ಬೇರೆ ಅರ್ತ್ ವಯರ್ ಬೇಕು. ಬೋಲ್ಟಿಗೆ ಅಗಲ ವಾಷರ್ ಹಾಕಿ, ಹದವಾಗಿ ಬಿಗಿಮಾಡಿ. ಅತಿಯಾದರೆ ಸುತ್ತಲೂ ನಕ್ಷತ್ರದಂತೆ ಬಿರುಕು ಬಿಡುತ್ತದೆ. ತೇಪೆಗೆ ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟು, ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಾಲು ರೆಸಿನ್, ರೆಸಿನ್ನಿನ ಶೇ. 1–2ರಷ್ಟು ಹಾರ್ಡನರ್ (ಗಟ್ಟಿಯಾಗಿಸುವ ದ್ರವ). ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಹೊಯಿಗೆಯಿಂದ (ಮರಳಿನಿಂದ) ಬಂದ ಕೂಡಲೇ ಬಾವಿ ನೀರಿನಲ್ಲಿ ತಳ ತೊಳೆಯಿರಿ, ಮುಖ್ಯವಾಗಿ ಹಿಂದಿನ ಬ್ಯಾಟರಿ ಜಾಗ. ತುಕ್ಕು ಹಿಡಿಯುವುದು ಅಲ್ಲಿಂದಲೇ.

ಕವಚಕ್ಕೆ ಧಾರಾಳವಾಗಿ ನಾಲ್ಕು ಸ್ಟಾರ್ ಕೊಡಬಹುದು. ಆದರೆ ಇಲ್ಲಿ ಬೀಟಲ್ ಸಿಗುವುದೇ ಅಪರೂಪ. ಚೆನ್ನಾಗಿರುವುದೊಂದನ್ನು ಕತ್ತರಿಸುವುದು ಶುದ್ಧ ಪೆದ್ದುತನ. ಉದ್ದ ಚಾಸಿಗೆ ಹೊಂದುವ ಕವಚವೂ ಇದೆ, ಅದನ್ನೇ ಆರಿಸಿ. ವಾಹನದ ಮೂಲ ರಚನೆ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮುಂದೆ ರಸ್ತೆಗಿಳಿಸುವುದು ಕಷ್ಟ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ನೀಲೇಶ್ವರದ ತೈಕಡಪ್ಪುರಂ ಕಡೆಯ ಹೊಯಿಗೆಯಂತೂ ಬೇಡವೇ ಬೇಡ, ಕಡಲಾಮೆ ಮೊಟ್ಟೆಯಿಡುವ ಜಾಗ ಅದು.