‘ಕ್ರಿಪ್ಟಾನ್ ತುಂಬಿದ ವೆಟ್‌ಸೂಟ್’ ಎಂದು ಮಾರುವವರನ್ನು ನಂಬಬೇಡಿ

ಸ್ಕಾಟ್ಲೆಂಡಿನ ತಣ್ಣೀರಿನಲ್ಲಿ ಡೈವಿಂಗ್ ಮಾಡುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ನಿಯೋಪ್ರೀನಿನ (ವೆಟ್‌ಸೂಟ್ ಮಾಡುವ ನೊರೆರಬ್ಬರಿನ) ಗುಳ್ಳೆಗಳಲ್ಲಿ ಶಾಖ ಸುಲಭವಾಗಿ ಹಾಯಲು ಬಿಡದ ಕ್ರಿಪ್ಟಾನ್ ಅನಿಲವಿದೆ, ಒಮ್ಮೆ ತುಂಬಿದರೆ ಸೂಟ್ ಬಾಳುವಷ್ಟು ಕಾಲವೂ ಇರುತ್ತದೆ, ಆಳದಲ್ಲಿ ತೆಳುವಾಗುವುದಿಲ್ಲ, ಇನ್ನು ಡ್ರೈಸೂಟ್ (ಒಳಗೆ ನೀರು ಬಿಡದ ಡೈವಿಂಗ್ ಉಡುಪು) ಬೇಕಿಲ್ಲ’ ಎಂದು ಹೇಳಿ ಆನ್‌ಲೈನ್ ಮಾರಾಟಗಾರನೊಬ್ಬ ಮಾಮೂಲಿ 7 ಮಿಲಿಮೀಟರ್ ದಪ್ಪದ ವೆಟ್‌ಸೂಟನ್ನು (ಮೈಗಂಟಿಕೊಳ್ಳುವ ಡೈವಿಂಗ್ ಉಡುಪನ್ನು) ಮೂರು ಪಟ್ಟು ಬೆಲೆಗೆ ನನಗೆ ಮಾರಿದ್ದಾನೆ.

ಸ್ಕಾಟ್ಲೆಂಡಿನ ಕಡಲ ಚಾಚು ಲಾಕ್ ಲಾಂಗ್‌ನಲ್ಲಿ ನೀರು 7 ಡಿಗ್ರಿಯ ಆಸುಪಾಸಿನಲ್ಲಿತ್ತು. 20 ಮೀಟರ್ ಆಳದಲ್ಲಿ ಮಣಿಕಟ್ಟಿನ ಬಳಿ ಸೂಟಿನ ತೋಳನ್ನು ಚಿವುಟಿ ನೋಡಿದರೆ, ದಡದಲ್ಲಿ ದಪ್ಪಗೆ ಮೆತ್ತಗಿದ್ದದ್ದು ಬೆರಳುಗಳ ನಡುವೆ ರಟ್ಟಿನಂತೆ ತೆಳ್ಳಗಾಗಿತ್ತು. ದವಡೆ ನಡುಗಿ ರೆಗ್ಯುಲೇಟರನ್ನು (ಉಸಿರಾಡಲು ಬಾಯಲ್ಲಿಡುವ ಸಾಧನವನ್ನು) ಕಚ್ಚಿ ಹಿಡಿಯುವುದೇ ಕಷ್ಟವಾಯಿತು. ಮೇಲೆ ಹೋಗೋಣವೆಂದು ಜೊತೆಗಾರನಿಗೆ ಹೆಬ್ಬೆರಳು ತೋರಿಸಲೂ ಮರಗಟ್ಟಿದ ಕೈ ಒಪ್ಪಲಿಲ್ಲ.

ಮಾರಾಟಗಾರನಿಗೆ ದೂರು ಕೊಟ್ಟಾಗ ಅವನ ಕಡೆಯಿಂದ ಬಂದ ಮೊದಲ ಉತ್ತರ: ‘ನಿಮಗೆ ರಕ್ತಸಂಚಾರ ಕಡಿಮೆ ಇರಬೇಕು.’ ಎರಡನೆಯದು: ‘ಭಾರತದಿಂದ ಬಂದವರಿಗೆ ಇಲ್ಲಿನ ಚಳಿ ಹೊಸದು.’ ಇದನ್ನು ಓದಿ ಮೈ ಉರಿದುಹೋಯಿತು. ಬಳಿಕ ಪುರಾವೆಯೆಂದು ಅಮೆರಿಕದ ಎಂಐಟಿ ವಿಜ್ಞಾನಿಗಳ 2018ರ ಸಂಶೋಧನೆಯ ವರದಿಯನ್ನೇ ಕಳಿಸಿದರು. ಮೋಸ ಬಯಲಾದದ್ದು ಅಲ್ಲೇ. ಆ ವಿಜ್ಞಾನಿಗಳು ವೆಟ್‌ಸೂಟನ್ನು ಕ್ಸೆನಾನ್ ಅಥವಾ ಕ್ರಿಪ್ಟಾನ್ ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಸುಮಾರು ಒಂದು ದಿನ ಇಟ್ಟಿದ್ದರು. ಅನಿಲ ಮೆಲ್ಲಗೆ ಸೋರಿಹೋಗುವುದರಿಂದ ಅದರ ಪರಿಣಾಮ ಉಳಿಯುವುದು ಸುಮಾರು 20 ಗಂಟೆ ಮಾತ್ರ! ಹಾಗಿದ್ದ ಮೇಲೆ ಗೋದಾಮಿನಲ್ಲಿ ಬಿದ್ದಿದ್ದು, ಅಂಚೆಯಲ್ಲಿ ದಿನಗಟ್ಟಲೆ ಅಲೆದು ಬಂದ ಸೂಟಿನಲ್ಲಿ ಯಾವ ಕ್ರಿಪ್ಟಾನ್ ಉಳಿದಿರಲು ಸಾಧ್ಯ? ‘ನನ್ನ ಸೂಟಿಗೆ ಅನಿಲ ತುಂಬಿದ ದಿನಾಂಕ ತಿಳಿಸಿ’ ಎಂದು ಕೇಳಿದೆ. ‘ಅದು ನಮ್ಮ ವ್ಯಾಪಾರದ ಗುಟ್ಟು’ ಎಂದರು. ಮತ್ತೆ ಕೇಳಿದೆ. ‘ನೀರಿಗಿಳಿಸಿದ ಸೂಟನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದರು. ನೀರಿಗಿಳಿಯದೆ ಅದು ಬೆಚ್ಚಗಿದೆಯೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ?

ಆಳದಲ್ಲಿ ತೆಳುವಾಗುವುದಿಲ್ಲ ಎಂಬ ಮಾತೂ ಅಪ್ಪಟ ಸುಳ್ಳು. ಗುಳ್ಳೆಯೊಳಗೆ ಯಾವ ಅನಿಲವಿದ್ದರೂ 20 ಮೀಟರಿನಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟಾಗುತ್ತದೆ, ಗುಳ್ಳೆ ಕುಗ್ಗಿಯೇ ಕುಗ್ಗುತ್ತದೆ. ಅನಿಲ ತುಂಬಿದ ದಿನಾಂಕ ಹೇಳದವನಿಗೆ ಒಂದು ಪೌಂಡನ್ನೂ ಕೊಡಬೇಡಿ. ಇಂಥ ನೀರಿಗೆ ಡ್ರೈಸೂಟ್, ಅದರೊಳಗೆ ಉಣ್ಣೆಯ ಅಥವಾ ಥಿನ್ಸುಲೇಟಿನ (ಬೆಚ್ಚಗಿಡುವ ಕೃತಕ ನೂಲಿನ) ಒಳ ಉಡುಪು, ಇದೇ ಸರಿ. ನಾನು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟಿದ್ದರಿಂದ ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಬ್ಯಾಂಕಿಗೆ ದೂರು ಸಲ್ಲಿಸಿದ್ದೇನೆ; ಮಾರಾಟಗಾರನ ಆ ಉತ್ತರಗಳನ್ನೆಲ್ಲ ದೂರಿಗೆ ಲಗತ್ತಿಸಿದ್ದೇನೆ.