ತಾಲೂಕು ದವಾಖಾನೆಯ ಮಂಗಳವಾರದ ಮಾನಸಿಕ ಕ್ಲಿನಿಕ್: ಬರುವವರಿಗೆ ನಾಲ್ಕು ಸ್ಟಾರ್, ಬರಲಾರದವರಿಗೆ ಒಂದು

ಔಷಧಿ ಕೊಡುವ ಕಿಟಕಿಯಿಂದಲೇ ಶುರು ಮಾಡುತ್ತೇನೆ. ಈ ಕ್ಲಿನಿಕ್ಕಿನ ಅರ್ಧ ಯೋಗ್ಯತೆ ಅಲ್ಲೇ ಗೊತ್ತಾಗುತ್ತದೆ. ಮನೋರೋಗದ ಗುಳಿಗೆಗಳಾದ ರಿಸ್ಪೆರಿಡೋನ್, ಒಲಾಂಜಪಿನ್, ಅವುಗಳಿಂದ ಬರುವ ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಒಂದು ತಿಂಗಳಿಗೆ ಆಗುವಷ್ಟು, ಎಲ್ಲ ಪುಕ್ಕಟೆ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಮನೋರೋಗ. ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲೇ ಬೇನೆ ಹಚ್ಚಿಕೊಂಡು ಬಂದ. ಮೊದಮೊದಲು ಸೊಲ್ಲಾಪುರದ ಖಾಸಗಿ ಡಾಕ್ಟರ ಹತ್ತಿರ ತೋರಿಸಿದೆವು. ಫೀ, ಗುಳಿಗೆ, ಬಸ್ಸು, ಊಟ ಸೇರಿದರೆ ನಾನು ಹೊಲಿಗೆ ಮಿಷನ್ ತುಳಿದು ಗಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಈಗ ಖರ್ಚು ಅಂದರೆ ಬಸ್ಸಿನದು ಮಾತ್ರ. ಅದೂ ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಅವನಿಗಷ್ಟೇ ಇದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಸರಕಾರದ ಮನೋಚೈತನ್ಯ ಕಾರ್ಯಕ್ರಮ. ಮಂಗಳವಾರ ಮನೋವೈದ್ಯರು ತಾಲೂಕು ದವಾಖಾನೆಗೇ ಬಂದು ಕೂಡುತ್ತಾರೆ. ಮನೋರೋಗದ ಚಿಕಿತ್ಸೆಯನ್ನು ಜಿಲ್ಲೆಯ ಸಣ್ಣ ದವಾಖಾನೆಗಳಿಗೂ ಮುಟ್ಟಿಸುವ ದಾರಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಸೀಮೆಯ ಬಳ್ಳಾರಿ ಜಿಲ್ಲೆಯಲ್ಲೇ ಮೊದಲು ಮಾಡಿ ನೋಡಿದ್ದು. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದರೂ ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಇಂಥದ್ದೊಂದು ಇದೆ ಎಂದು ಎಷ್ಟೋ ಮನೆಗಳಿಗೆ ತಿಳಿದಿಲ್ಲ. ನನಗೆ ಹೇಳಿದವರು ನಮ್ಮೂರ ಆಶಾ ಕಾರ್ಯಕರ್ತೆ, ಅದೂ ಬ್ಲೌಸ್ ಅಳತೆ ಕೊಡಲು ಬಂದಾಗ.

ಡಾಕ್ಟರಿಗೆ ಪೂರ್ತಿ ಅಂಕ. ಮೈಸೂರು ಕಡೆಯವರು, ನಮ್ಮ ಮಾತು ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾರೆ, ಸಿಟ್ಟಾಗುವುದಿಲ್ಲ. ನನ್ನನ್ನಲ್ಲ, ಮೊದಲು ಅವನನ್ನೇ ಮಾತಾಡಿಸುತ್ತಾರೆ. ಒಮ್ಮೆ, ಕಿವಿಯಲ್ಲಿ ದನಿ ಇನ್ನೂ ಕೇಳಿಸುತ್ತದಾ ಅಂದರು. ‘ಮೊದಲ ಜೋರ್ ಬೈತಿದ್ರು, ಈಗ ಸಣ್ಣ ದನಿಲೆ ಬೈತಾರ್ರಿ’ ಅಂದ. ಡಾಕ್ಟರು ಅದನ್ನು ಹಾಗೇ ಬರೆದುಕೊಂಡು ಗುಳಿಗೆಯ ಪ್ರಮಾಣ ಬದಲಿಸಿದರು.

ಅವರೇ ಕೊನೆಗೆ ಸೂಜಿ ಶುರು ಮಾಡಿದ್ದು. ಫ್ಲೂಫೆನಜಿನ್ ಡೆಕನೋಯೇಟ್ ಅಂತ ಹೆಸರು. ಔಷಧಿ ಎಳ್ಳೆಣ್ಣೆಯಲ್ಲಿ ಕೂಡಿರುತ್ತದೆ, ಮಾಂಸಖಂಡದಲ್ಲಿ ಕೂತು ವಾರಗಟ್ಟಲೆ ಸಾವಕಾಶ ರಕ್ತಕ್ಕೆ ಇಳಿಯುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿಸಿದರೆ ಸಾಕು. ಇದರಿಂದ ನಮ್ಮ ಮನೆಯಲ್ಲಿ ಏನು ಬದಲಾಯಿತು ಅಂದರೆ, ಅವ್ವ ಗುಳಿಗೆ ಅರೆದು ಚಹಾದಲ್ಲಿ ಹಾಕುವುದು ನಿಂತಿತು. ಅವನು ಅವ್ವನ ಕೈಯ ಚಹಾ ಕುಡಿಯುವುದನ್ನೇ ಬಿಟ್ಟಿದ್ದ. ವಿಷ ಹಾಕುತ್ತಾರೆ ಎಂಬ ಅವನ ಅನುಮಾನಕ್ಕೆ ನಾವೇ ಸಾಕ್ಷಿ ಒದಗಿಸಿದಂತಿತ್ತು. ಈಗ ಒಟ್ಟಿಗೆ ಕೂತು ಊಟ ಮಾಡುತ್ತಾನೆ, ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೂ ಬರುತ್ತಾನೆ.

ಹೀಗಿದ್ದೂ ಐದು ಸ್ಟಾರ್ ಯಾಕಿಲ್ಲ? ‘ಸ್ಟಾಕ್ ಬಂದಿಲ್ರಿ ಅಕ್ಕಾ, ಹೊರಗ ತಗೋರಿ.’ ಔಷಧಿ ಕಿಟಕಿಯಿಂದ ಈ ಮಾತು ಯಾವ ತಿಂಗಳು ಬರುತ್ತದೋ ಹೇಳಲಾಗದು. ಸೂಜಿ ಇದ್ದಾಗ ನಡುಕದ ಗುಳಿಗೆ ಇರುವುದಿಲ್ಲ, ಗುಳಿಗೆ ಇದ್ದಾಗ ಸೂಜಿ ಇರುವುದಿಲ್ಲ. ನಮ್ಮ ತಾಲೂಕಿನ ಮೆಡಿಕಲ್ ಅಂಗಡಿಗಳಲ್ಲಿ ಈ ಸೂಜಿ ಕೇಳಿದರೆ ತರಿಸಿಕೊಡುತ್ತೇವೆ ಅನ್ನುತ್ತಾರೆ, ಅಷ್ಟೇ. ನೆಗಡಿಯ ಗುಳಿಗೆ ಎರಡು ದಿನ ತಪ್ಪಿದರೆ ನೆಗಡಿ ಎರಡು ದಿನ ಹೆಚ್ಚು ಇದ್ದೀತು. ಇದು ತಪ್ಪಿದರೆ ಮನುಷ್ಯ ಮತ್ತೆ ರಾತ್ರಿಯೆಲ್ಲ ಅಂಗಳದಲ್ಲಿ ತಿರುಗಾಡಲು ಶುರು ಮಾಡುತ್ತಾನೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 18ನೇ ಕಲಮಿನಲ್ಲಿ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರಕಾರಿ ದವಾಖಾನೆಗಳಲ್ಲಿ ಉಚಿತವಾಗಿ, ಎಲ್ಲ ಕಾಲಕ್ಕೂ ಸಿಗಬೇಕು ಎಂದಿದೆ. ಇದನ್ನು ಕ್ಲಿನಿಕ್ಕಿನ ಸೋಶಿಯಲ್ ವರ್ಕರ್ ತಮ್ಮ ಮೊಬೈಲಿನಲ್ಲೇ ತೆಗೆದು ತೋರಿಸಿದರು. ಅವರಿಗೂ ಬೇಜಾರಿದೆ.

ಕೂಡುವ ಜಾಗದ ಬಗ್ಗೆ: ತಗಡಿನ ಚಾವಣಿ, ಒಂದು ಫ್ಯಾನು, ಅದೂ ಬಿಪಿ-ಶುಗರ್‌ನವರ ಸಾಲಿನ ಮೇಲೆ. ಈ ಗುಳಿಗೆಗಳಿಂದ ಬೆವರು ಕಡಿಮೆಯಾಗುತ್ತದೆ, ಮೈ ಕಾವು ಇಳಿಯುವುದಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಇಂಥವರನ್ನೇ ತಗಡಿನ ಕೆಳಗೆ ಕೂಡಿಸುತ್ತಾರಲ್ಲ! ಬಾಗಿಲಿಗೆ ಪರದೆಯೂ ಇಲ್ಲ, ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳುತ್ತದೆ. ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಸೆರಗು ಮುಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾರೆ.

ಇನ್ನು ಆ ಒಂದು ಸ್ಟಾರಿನ ವಿಷಯ. ಈ ಕ್ಲಿನಿಕ್ಕು ತಾನಾಗಿ ನಡೆದು ಬರುವವರಿಗಾಗಿ ಇದೆ. ಆದರೆ ಈ ಬೇನೆ ಹೆಚ್ಚಾದವನು ‘ನನಗೇನಾಗ್ಯಾದ?’ ಅನ್ನುತ್ತಾನೆ, ಅದೇ ಬೇನೆಯ ಲಕ್ಷಣ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಾಲಿನಲ್ಲಿ ನಿಲ್ಲು ಅಂದರೆ ನಿಲ್ಲುತ್ತಾನೆಯೇ? ತಮ್ಮ ಒಮ್ಮೆ ಮನೆಯ ಹೆಂಚೆಲ್ಲ ಒಡೆದು, ಕೈ ಕೊಯ್ದುಕೊಂಡಿದ್ದ. ಓಣಿಯವರು ಹಗ್ಗ ಕಟ್ಟಿ ಜೀಪಿನಲ್ಲಿ ಹಾಕಿದರು. ಆ ರಾತ್ರಿ ಹತ್ತಿರದ ಸರಕಾರಿ ದವಾಖಾನೆಯಲ್ಲಿ ಡ್ಯೂಟಿಯಲ್ಲಿದ್ದವರು ‘ಪೊಲೀಸರ ಚೀಟಿ ತರ್ರಿ, ಇಲ್ಲಾಂದ್ರ ನಾವು ಮುಟ್ಟಂಗಿಲ್ಲ’ ಅಂದರು. ಅದೇ ಕಾಯ್ದೆಯ 94ನೇ ಕಲಮಿನ ಪ್ರಕಾರ, ರೋಗಿ ತನಗೋ ಇತರರಿಗೋ ದೊಡ್ಡ ಅಪಾಯ ಮಾಡಿಕೊಳ್ಳುವಂತಿದ್ದರೆ ನೋಂದಾಯಿತ ವೈದ್ಯರು ಯಾರೇ ಆಗಲಿ, ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿಯ ಪರವಾಗಿ ಮಾತಾಡಲು ಗೊತ್ತಾದವರು, ಜೊತೆಗಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಆಗಬೇಕಿಲ್ಲ. ನಮಗೆ ಅಂದು ಅದು ಗೊತ್ತಿರಲಿಲ್ಲ, ಅವರಿಗೆ ಗೊತ್ತಿರಬೇಕಿತ್ತು. ಬೆಳಕಾಗುವವರೆಗೆ ಅವನು ಜೀಪಿನಲ್ಲೇ ಇದ್ದ.

ಅದಕ್ಕೂ ಮೊದಲು ಅವ್ವ ಅವನನ್ನು ಕರೆದುಕೊಂಡು, ದೆವ್ವ ಬಿಡುತ್ತದೆ ಎಂದು ಜನ ನಂಬುವ ದತ್ತಾತ್ರೇಯನ ಕ್ಷೇತ್ರ ದೇವಲ ಗಾಣಗಾಪುರದಲ್ಲಿ ಕೂತಿದ್ದಳು, ಮಧ್ಯಾಹ್ನದ ಮಹಾಮಂಗಳಾರತಿಗೆ ನಿಲ್ಲಿಸುತ್ತಿದ್ದಳು. ಬೇನೆ ಹೋಗಲಿಲ್ಲ. ಆದರೆ ನಾನು ಅದನ್ನು ನಗುವವರ ಜೊತೆ ನಗುವುದಿಲ್ಲ. ಅಲ್ಲಿ ಯಾರೂ ಆಧಾರ್ ಕೇಳಲಿಲ್ಲ, ಇವತ್ತು ಯಾವ ವಾರ ಅಂತಲೂ ಕೇಳಲಿಲ್ಲ.

ಉಳಿದ ಆರು ದಿನಕ್ಕೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಪುಕ್ಕಟೆ, ಹಗಲು-ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಸೂಜಿ ಸಿಗದ ತಿಂಗಳು ನಾನು ಫೋನು ಮಾಡಿದ್ದೆ. ನಿದ್ದೆ ಎಷ್ಟು, ಊಟ ಎಷ್ಟು, ಯಾವಾಗ ದವಾಖಾನೆಗೆ ಹಾಕಲೇಬೇಕು ಎಂದು ತಾಳ್ಮೆಯಿಂದ ಹೇಳಿದರು. ಅವ್ವನಿಗೆ ಅಂದು ನಿದ್ದೆ ಬಂತು. ಆದರೆ ಫೋನಿನಲ್ಲಿ ಸೂಜಿ ಹಾಕಲಾಗುವುದಿಲ್ಲ. ತಿಂಗಳಿಗೊಮ್ಮೆ ಒಬ್ಬ ನರ್ಸು ಸೂಜಿ ಹಿಡಿದುಕೊಂಡು ಹಳ್ಳಿಗೆ ಬಂದರೆ ನಾನು ಇನ್ನೆರಡು ಸ್ಟಾರ್ ಸೇರಿಸುತ್ತೇನೆ. ಪೋಲಿಯೋ ಹನಿ ಹಾಕಲು ಮನೆಮನೆಗೆ ಬರುತ್ತಾರಲ್ಲ, ಹಾಗೆ.

ಹೋಗುವವರಿಗೆ: ಒಂಬತ್ತಕ್ಕೇ ಹೋಗಿ ಚೀಟಿ ಮಾಡಿಸಿ. ಹಳೆಯ ಚೀಟಿ, ಆಧಾರ್, ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ, ಜೊತೆಗೆ ನೀರಿನ ಬಾಟಲಿ. ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕುವುದು ಹೇಗೆಂದು ಸೋಶಿಯಲ್ ವರ್ಕರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು, ಅವರಾಗಿ ಹೇಳುವುದಿಲ್ಲ. ಮಂಗಳವಾರ ಹಬ್ಬದ ರಜೆ ಬರುವಂತಿದ್ದರೆ ಹಿಂದಿನ ಸಲವೇ ಹೇಳಿ ಒಂದು ವಾರದ ಗುಳಿಗೆ ಹೆಚ್ಚು ಬರೆಸಿಕೊಂಡು ಬನ್ನಿ.