ಬಿಚ್ಚುವುದಕ್ಕೆ ಮುಕ್ಕಾಲು ಮಾರ್ಕು, ಜೋಡಿಸುವುದಕ್ಕೆ ಕಾಲು: ಒಂದು ಸ್ಟೀರಿಂಗ್ ಕಾಲಂ ಟೂಲ್ ಕಿಟ್

ಕಿಟ್‌ನಲ್ಲಿರುವುದು ಮೂರು ಸಾಮಾನು: ಲಾಕ್ ಪ್ಲೇಟನ್ನು (ವೀಲಿಗೆ ಬೀಗ ಬೀಳುವ ಕಚ್ಚುಗಳಿರುವ ತಟ್ಟೆ) ಒತ್ತಿ ಹಿಡಿಯುವ ಕಂಪ್ರೆಸರ್, ಪಿವೊಟ್ ಪಿನ್ ಎಳೆಯುವ ಪುಲ್ಲರ್, ಸ್ಟೀರಿಂಗ್ ವೀಲ್ ಪುಲ್ಲರ್. ಜೊತೆಗೊಂದು ಬಳಸುವ ವಿಧಾನದ ಮಡಿಸಿಟ್ಟ ಹಾಳೆ. ನನ್ನ ಷಡ್ಡಕರ ಹಳೆಯ ಅಮೆರಿಕನ್ ಕಾರಿಗಾಗಿ ಇದನ್ನು ತರಿಸಿದ್ದು. ಏರ್‌ಬ್ಯಾಗ್ ಕಾಲಕ್ಕಿಂತ ಹಿಂದಿನ ಕಾರು. ಅದರ ಕಾಲಂ, ಅಂದರೆ ಸ್ಟೀರಿಂಗ್ ವೀಲನ್ನು ಹೊತ್ತ ಕೊಳವೆ, ಮೇಲೆ ಕೆಳಗೆ ವಾಲುತ್ತದೆ, ಎಳೆದರೆ ಎದೆಯ ಕಡೆಗೆ ಉದ್ದವೂ ಆಗುತ್ತದೆ. ಕೀ ಸಲೀಸಾಗಿ ತಿರುಗುತ್ತಿತ್ತು, ಒಳಗೆ ಮಾತ್ರ ಏನೂ ಅಲುಗುತ್ತಿರಲಿಲ್ಲ. ಕೀ ಹಾಕುವ ಲಾಕ್ ಸಿಲಿಂಡರಿನ ಹಿಂದಿರುವ ಸೆಕ್ಟರ್ ಗೇರ್ (ಬೀಸಣಿಗೆಯಾಕಾರದ ಹಲ್ಲುಗಾಲಿಯ ತುಂಡು) ಮುರಿದಿತ್ತು. ಗೇರ್ ಚಿಕ್ಕದು, ಆದರೆ ಅದನ್ನು ಬದಲಿಸಲು ಕಾಲಮ್ಮಿನ ತಲೆಯನ್ನೇ ಪೂರ್ತಿ ಬಿಚ್ಚಬೇಕು.

ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ತಲೆ ಬೆಳ್ಳಗಾದವನು ನಾನು. ಯಾವ ಟೂಲ್ ಬಂದರೂ ಮೊದಲು ನೋಡುವುದು ಥ್ರೆಡ್ಡನ್ನು. ಕಂಪ್ರೆಸರಿನ ಥ್ರೆಡ್ ಚೊಕ್ಕವಾಗಿದೆ, ನಟ್ಟು ಬೆರಳಲ್ಲೇ ಕೊನೆಯವರೆಗೂ ಓಡುತ್ತದೆ. ಕಾಲುಗಳ ಉಕ್ಕೂ ದಪ್ಪ. ಲಾಕ್ ಪ್ಲೇಟಿನ ಕೆಳಗಿರುವ ಸ್ಪ್ರಿಂಗ್ ಬಲು ಗಟ್ಟಿ. ಪ್ಲೇಟನ್ನು ಒತ್ತಿ ಹಿಡಿದಿಟ್ಟರೆ ಮಾತ್ರ ಶಾಫ್ಟಿನ ಕಚ್ಚಿನಲ್ಲಿ ಕೂತ ರಿಂಗು ಹೊರಬರುತ್ತದೆ. ಇದಕ್ಕೆ ಎರಡು ಸ್ಕ್ರೂಡ್ರೈವರ್ ಸಾಕು ಎನ್ನುವವರಿದ್ದಾರೆ. ಅವರ ಗೆಣ್ಣು ಅವರಿಗೆ, ನನ್ನವು ನನಗೆ. ಶಾಫ್ಟು ಉದ್ದವಾಗುವ ಕಾಲಮ್ಮಿನಲ್ಲಿ ಟೂಲ್ ಕೂರಿಸುವ ಮುಂಚೆಯೇ ಅದನ್ನು ಪೂರ್ತಿ ಹೊರಗೆ ಎಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಟ್ಟು ಬಿಗಿಮಾಡಿದಷ್ಟೂ ಶಾಫ್ಟೇ ಮೇಲೆ ಬರುತ್ತದೆ, ಪ್ಲೇಟು ಇದ್ದಲ್ಲೇ ಇರುತ್ತದೆ. ಹಾಳೆಯಲ್ಲಿ ಈ ವಿಷಯದ ಸುಳಿವೇ ಇಲ್ಲ.

ಪಿವೊಟ್ ಪಿನ್ ಪುಲ್ಲರಂತೂ ಈ ಪೆಟ್ಟಿಗೆಯ ಬಂಗಾರ. ಕಾಲಂ ವಾಲುವ ಕೀಲಿನ ಎರಡೂ ಬದಿಗೆ ಒಂದೊಂದು ಪಿನ್ನು ಒಳಗೆ ಬಿಗಿಯಾಗಿ ಕೂತಿರುತ್ತದೆ. ಹಿಡಿದು ಎಳೆಯಲು ಅದಕ್ಕೆ ತಲೆಯೇ ಇಲ್ಲ, ಮಧ್ಯದಲ್ಲಿ ಥ್ರೆಡ್ ಇರುವ ಸಣ್ಣ ತೂತು ಅಷ್ಟೆ. ಪುಲ್ಲರಿನ ಸ್ಕ್ರೂ ಅದರೊಳಗೆ ತಿರುಗಿಸಿ, ಹೊರಗಿನ ನಟ್ಟು ಬಿಗಿಮಾಡಿದರೆ ಪಿನ್ನು ತಕರಾರಿಲ್ಲದೆ ಬರುತ್ತದೆ. ಸ್ಕ್ರೂವನ್ನು ಗಟ್ಟಿ ಉಕ್ಕಿನಲ್ಲೇ ಮಾಡಿದ್ದಾರೆ. ಸಾದಾ ಸ್ಕ್ರೂ ಆಗಿದ್ದರೆ ಒಳಗೇ ತುಂಡಾಗಿ ಕೂರುತ್ತಿತ್ತು.

ವೀಲ್ ಪುಲ್ಲರ್ ಸಾಧಾರಣ. ಕೆಲಸ ಮಾಡುತ್ತದೆ. ಅದರ ಮಧ್ಯದ ಬೋಲ್ಟಿನ ತುದಿ ಮೆತ್ತಗಿದ್ದು, ಒಂದೇ ಬಳಕೆಗೆ ಅಣಬೆಯ ಹಾಗೆ ಅರಳಿತು. ವೀಲ್ ಬಿಡುತ್ತಿಲ್ಲವೆಂದು ಶಾಫ್ಟಿನ ತುದಿಗೆ ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ. ಅಪಘಾತದಲ್ಲಿ ಕಾಲಂ ಎದೆಗೆ ಚುಚ್ಚದೆ ಕುಗ್ಗಲೆಂದೇ ಈ ಶಾಫ್ಟನ್ನು ಎರಡು ಭಾಗ ಮಾಡಿ, ನಡುವೆ ಪ್ಲಾಸ್ಟಿಕ್ ಪಿನ್ನುಗಳಿಂದ ಹಿಡಿಸಿರುತ್ತಾರೆ. ಸುತ್ತಿಗೆ ಏಟಿಗೆ ಅವು ಕತ್ತರಿಸಿಹೋಗುತ್ತವೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಜನರಲ್ ಮೋಟಾರ್ಸ್ ತನ್ನ 1967ರ ಮಾಡೆಲ್‌ಗಳಲ್ಲಿ ಕುಗ್ಗುವ ಕಾಲಂ ತಂದಿತು, 1969ರ ಮಾಡೆಲ್‌ಗಳಲ್ಲಿ ಇಗ್ನಿಷನ್ ಲಾಕನ್ನೂ ಕಾಲಂ ಮೇಲೆಯೇ ಕೂರಿಸಿತು. ಅಲ್ಲಿಂದ ಮುಂದೆ ಕಳ್ಳನನ್ನು ತಡೆಯುವ ಕೆಲಸವೂ ಚಾಲಕನ ಎದೆ ಉಳಿಸುವ ಕೆಲಸವೂ ಒಂದೇ ಕೊಳವೆಯೊಳಗೆ ಸೇರಿಕೊಂಡವು. ಬೀಗ ರಿಪೇರಿಗೆಂದು ಕೈಹಾಕಿದವನು ಎರಡನೆಯದನ್ನು ಮರೆಯುವಂತಿಲ್ಲ. ಬಿಚ್ಚಿದ ಸ್ಕ್ರೂ ಕಳೆದುಹೋಯಿತೆಂದು ಕೈಗೆ ಸಿಕ್ಕ ಉದ್ದದ ಸ್ಕ್ರೂ ಹಾಕಿದರೂ ಅಷ್ಟೆ, ಉದ್ದವಾದ ತುದಿ ಒಳಗೆ ಅಡ್ಡ ನಿಂತು ಕಾಲಂ ಕುಗ್ಗದ ಹಾಗೆ ಮಾಡಬಹುದು. ಅದಕ್ಕೇ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಟ್ಟುಕೊಂಡೆ.

ಬಿಚ್ಚುವ ಭಾಗಕ್ಕೆ ಹಾಳೆಯಲ್ಲಿ ಚಿತ್ರಗಳಿವೆ, ಬಾಣದ ಗುರುತುಗಳಿವೆ. ಜೋಡಿಸುವ ಭಾಗಕ್ಕೆ ಬಂದರೆ ಒಂದೇ ಸಾಲು: ಹಿಂದುಮುಂದಾಗಿ ಇದನ್ನೇ ಮಾಡಿ. ಈ ಸಾಲು ಬರೆದ ಪುಣ್ಯಾತ್ಮ ಒಂದು ಕಾಲಮ್ಮನ್ನಾದರೂ ಜೋಡಿಸಿದ್ದಾನೆಯೇ ಎಂದು ನನಗೆ ಗುಮಾನಿ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ.

ಮೊದಲನೆಯದು ಸೆಕ್ಟರ್ ಮತ್ತು ಅದು ಸರಿಸುವ ಹಲ್ಲುಪಟ್ಟಿ, ಅಂದರೆ ರ್‍ಯಾಕ್. ಹಲ್ಲುಗಳೆಲ್ಲ ಒಂದೇ ಥರ ಕಂಡರೂ ರ್‍ಯಾಕಿನ ಒಂದು ಹಲ್ಲು ಅಗಲ, ಚೌಕ. ಸೆಕ್ಟರಿನಲ್ಲಿ ಅದಕ್ಕೆ ತಕ್ಕ ಅಗಲದ ಜಾಗವಿದೆ. ಅದು ಅಲ್ಲೇ ಕೂರಬೇಕು. ಒಂದು ಹಲ್ಲು ಆಚೀಚೆ ಆದರೆ ಕೀ ತಿರುಗುತ್ತದೆ, ವೀಲನ್ನು ಬಂಧಿಸುವ ಲಾಕ್ ಬೋಲ್ಟ್ ಮಾತ್ರ ಪೂರ್ತಿ ಹಿಂದೆ ಸರಿಯುವುದಿಲ್ಲ. ಓಡುವ ಕಾರಿನಲ್ಲಿ ಅದು ಲಾಕ್ ಪ್ಲೇಟಿನ ಕಚ್ಚಿಗೆ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಹೌಸಿಂಗನ್ನು (ತಲೆಯ ಕವಚ) ಮತ್ತೆ ಏರಿಸುವಾಗ ರ್‍ಯಾಕಿನ ಕೆಳತುದಿ ಕೆಳಗೆ ಇಗ್ನಿಷನ್ ಸ್ವಿಚ್ಚಿಗೆ ಹೋಗುವ ಕಡ್ಡಿಗೆ ಸಿಕ್ಕಿಕೊಳ್ಳಬೇಕು, ಇದಕ್ಕೆ ಟಾರ್ಚ್ ಬೇಕೇ ಬೇಕು. ಪಿವೊಟ್ ಪಿನ್ ಹೊಡೆಯುವ ಮೊದಲು ಕೀ ತಿರುಗಿಸಿ, ಕಡ್ಡಿ ಮೇಲೆ ಕೆಳಗೆ ಓಡುತ್ತದೆಯೇ ಎಂದು ನೋಡಿಕೊಳ್ಳಿ.

ತಲೆ ಬಿಚ್ಚಿದ್ದೇ ಆದರೆ ಅದರ ಒಳಗಿನ ನಾಲ್ಕು ದೊಡ್ಡ ಸ್ಕ್ರೂಗಳನ್ನೂ ಬಿಗಿಮಾಡದೆ ಮುಚ್ಚಬೇಡಿ. ಹಳೆಯ ವಾಲುವ ಕಾಲಮ್ಮುಗಳಲ್ಲಿ ವೀಲ್ ಕೈಯಲ್ಲೇ ಅಲ್ಲಾಡುವುದಕ್ಕೆ ಬಹುಮಟ್ಟಿಗೆ ಇವು ಸಡಿಲವಾಗುವುದೇ ಕಾರಣ. ಬಿಚ್ಚಿ, ಎಣ್ಣೆ ಒರೆಸಿ, ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್ ಲಾಕರ್, ಹಾಕಿ ಬಿಗಿದೆ. ಅವುಗಳ ನಕ್ಷತ್ರಾಕಾರದ ತಲೆಗೆ ಕೂರುವ ಹೊರ ಟಾರ್ಕ್ಸ್ ಸಾಕೆಟ್ ಕಿಟ್‌ನಲ್ಲಿಲ್ಲ. ವೀಲ್ ಪುಲ್ಲರ್ ಬದಲು ಅದನ್ನು ಕೊಟ್ಟಿದ್ದರೆ ಇನ್ನರ್ಧ ಮಾರ್ಕು ಹೆಚ್ಚು ಕೊಡುತ್ತಿದ್ದೆ. ಕೀಲಿನ ನಡುವಿನ ಪ್ಲಾಸ್ಟಿಕ್ ಅರ್ಧಗೋಲಗಳನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಸವೆದಿದ್ದರೆ ಈಗಲೇ ಬದಲಿಸಿ. ಇಷ್ಟು ದೂರ ಮತ್ತೆ ಬರಲು ಯಾರಿಗೂ ಮನಸ್ಸಾಗುವುದಿಲ್ಲ.

ವಾಲಿಸುವ ಸ್ಪ್ರಿಂಗ್ ಕೂರಿಸುವಾಗ ಕಾಲಮ್ಮನ್ನು ಪೂರ್ತಿ ಮೇಲಕ್ಕೆ ಎತ್ತಿಟ್ಟುಕೊಂಡರೆ ಒತ್ತಡ ಕಡಿಮೆ. ದೊಡ್ಡ ಸ್ಟಾರ್ ಸ್ಕ್ರೂಡ್ರೈವರಿನಿಂದ ಅದರ ಮುಚ್ಚಳವನ್ನು ಒಳಗೆ ಒತ್ತಿ ತಿರುಗಿಸಿ ಸಿಕ್ಕಿಸಬೇಕು. ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಇಂಡಿಕೇಟರ್ ಸ್ವಿಚ್ಚು. ಅದರ ತಂತಿಯ ಕಟ್ಟು ಹೌಸಿಂಗಿನೊಳಗೆ ಚಪ್ಪಟೆಯಾಗಿ ಇಳಿಯಬೇಕು. ಹಿಚುಕಿದರೆ ಹಾರ್ನ್ ಅಕಾಲದಲ್ಲಿ ಕೂಗಲು ಶುರುಮಾಡುತ್ತದೆ. ಲಾಕ್ ಪ್ಲೇಟ್ ಕೂರಿಸುವ ಮೊದಲು ಇಂಡಿಕೇಟರ್ ನಡುವಿನ ಸ್ಥಾನದಲ್ಲಿರಲಿ, ಎರಡೂ ಬದಿಯ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಗುಂಡಿ ಹೊರಕ್ಕೆ ಎಳೆದಿರಲಿ. ಹಾಗಿಲ್ಲದಿದ್ದರೆ ತಿರುವು ಮುಗಿದಾಗ ಇಂಡಿಕೇಟರ್ ಆರಿಸುವ ಕ್ಯಾನ್ಸಲ್ ಕ್ಯಾಮ್ ಸ್ವಿಚ್ಚಿನ ನಾಲಗೆಗೆ ತಾಗಿ ಕೂರುತ್ತದೆ. ರಿಂಗು ಹೊಸದೇ ಹಾಕಿ, ಹಳೆಯದು ಒಮ್ಮೆ ಅಗಲಿಸಿದ ಮೇಲೆ ಕಚ್ಚಿನಲ್ಲಿ ಗಟ್ಟಿಯಾಗಿ ಕೂರುತ್ತದೆಂಬ ನೆಚ್ಚಿಕೆಯಿಲ್ಲ. ಕಂಪ್ರೆಸರ್ ಇಲ್ಲೂ ಚೆನ್ನಾಗಿ ದುಡಿಯಿತು. ಒಂದು ಕೈ ನಟ್ಟಿನ ಮೇಲಿದ್ದರೂ ರಿಂಗಿಗೆ ಇನ್ನೊಂದು ಕೈ ಬಿಡುವಾಗಿತ್ತು.

ವೀಲ್ ನಟ್ಟನ್ನು ಸರ್ವಿಸ್ ಮ್ಯಾನುಯಲ್ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲೇ ಬಿಗಿದೆ. ಆ ಮ್ಯಾನುಯಲ್ ಇಲ್ಲದೆ ಈ ಕಿಟ್ ಕೊಳ್ಳುವುದು ದಂಡ. ಪರೀಕ್ಷೆಯನ್ನಂತೂ ನಿಂತ ಕಾರಿನಲ್ಲೇ ಮುಗಿಸಿದೆ. ಕಾಲಂ ಉದ್ದ ಮಾಡಿ, ಗಿಡ್ಡ ಮಾಡಿ, ಮೇಲೆತ್ತಿ, ಕೆಳಗಿಳಿಸಿ ಪ್ರತಿ ಸ್ಥಾನದಲ್ಲೂ ಕೀ ತೆಗೆದು ವೀಲ್ ತಿರುಗಿಸಿದೆ. ಲಾಕ್ ಎಲ್ಲ ಕಡೆಯೂ ಬಿತ್ತು, ಕೀ ಹಾಕಿ ತಿರುಗಿಸಿದರೆ ಎಲ್ಲ ಕಡೆಯೂ ಬಿಟ್ಟಿತು. ಕೀ ಹೊರಬಂದದ್ದು ಲಾಕ್ ಸ್ಥಾನದಲ್ಲಿ ಮಾತ್ರ. ಉದ್ದ ಹಿಡಿದಿಡುವ ಲಿವರನ್ನು ಬಿಗಿಮಾಡಿ ವೀಲನ್ನು ಜೋರಾಗಿ ಎಳೆದು ತಳ್ಳಿಯೂ ನೋಡಿದೆ, ಜಾರಲಿಲ್ಲ. ಷಡ್ಡಕರು “ಇನ್ನು ಓಡಿಸಬಹುದಲ್ಲವೇ?” ಎಂದರು. “ಇಂಡಿಕೇಟರ್ ತಾನಾಗಿ ಆರುತ್ತದೋ ಇಲ್ಲವೋ ನೋಡೋಣ, ತಾಳಿ” ಎಂದೆ. ಎರಡೂ ಕಡೆ ಆರಿತು.

ಕೊನೆಗೆ ಪೆಟ್ಟಿಗೆಯ ಮೇಲಿನ ಬರಹದ ವಿಷಯ. ‘ಎಲ್ಲ ಕಾರುಗಳಿಗೂ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದನ್ನು ನಂಬಿ ಏರ್‌ಬ್ಯಾಗ್ ಇರುವ ಕಾರಿಗೆ ಕೈಹಾಕಬೇಡಿ. ಅಲ್ಲಿ ಬ್ಯಾಟರಿ ತೆಗೆದು, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ವೀಲಿನ ಹಿಂದೆ ಸುತ್ತಿಟ್ಟ ಚಪ್ಪಟೆ ತಂತಿಯ ಕ್ಲಾಕ್ ಸ್ಪ್ರಿಂಗ್ ಸರಿಯಾಗಿ ನಡುವಿಗೆ ಬಂದಿರಬೇಕು, ಇಲ್ಲದಿದ್ದರೆ ಪೂರ್ತಿ ತಿರುವಿನಲ್ಲಿ ಹರಿದುಹೋಗುತ್ತದೆ. ಈ ಹಾಳೆಯಲ್ಲಿ ಏರ್‌ಬ್ಯಾಗ್ ಎಂಬ ಪದವೇ ಇಲ್ಲ.